ಲ್ಯಾಪ್‌ಟಾಪ್ ಸತ್ತಿದೆ, ಹಾರ್ಡ್ ಡಿಸ್ಕ್‌ನಲ್ಲಿರೋ ಫೈಲುಗಳನ್ನು ಹೊರಗೆ ತೆಗೆಯೋದು ಹೇಗೆ? ಮಾಡಿ ನೋಡಿದವರು ಹೇಳಿ

ಪ್ರಶ್ನೆ: ಹಳೇ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ. ಬಟನ್ ಒತ್ತಿದರೆ ಲೈಟೂ ಇಲ್ಲ, ಫ್ಯಾನೂ ತಿರುಗಲ್ಲ. ಮದರ್‌ಬೋರ್ಡ್ ಹೋಗಿದೆ, ರಿಪೇರಿಗಿಂತ ಹೊಸದೇ ವಾಸಿ ಅಂದರು. ಲ್ಯಾಪ್‌ಟಾಪ್ ಹೋದರೆ ಹೋಗಲಿ, ಆದರೆ ಒಳಗೆ ವರ್ಷಗಟ್ಟಲೆ ಫೋಟೋಗಳು, ಮನೆ ಲೆಕ್ಕದ ಎಕ್ಸೆಲ್ ಫೈಲುಗಳು ಇವೆ. ಬ್ಯಾಕಪ್ ಇಲ್ಲ, ದಯವಿಟ್ಟು ಬೈಯಬೇಡಿ. ವಿಂಡೋಸ್ 10 ಇತ್ತು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಬಹುದಾ?

ಉತ್ತರ:
ಹಾಕಬಹುದು. ಬೋರ್ಡ್ ಹೋದರೆ ಡಿಸ್ಕೂ ಹೋಯಿತು ಅಂತ ಅಲ್ಲ. ನಾನು ಬಿಚ್ಚಿದ ಸತ್ತ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಡಿಸ್ಕ್‌ಗಳು ಚೆನ್ನಾಗಿಯೇ ಇದ್ದವು.

ಮೊದಲು ಚಾರ್ಜರ್ ತೆಗೆಯಿರಿ. ಹಿಂದಿನ ಕವರ್ ಬಿಚ್ಚಿದ ತಕ್ಷಣ ಬ್ಯಾಟರಿಯ ಕನೆಕ್ಟರನ್ನೂ ಕಿತ್ತುಬಿಡಿ. ಆಮೇಲೆ ಒಳಗೆ ಏನಿದೆ ನೋಡಿ. 2.5 ಇಂಚಿನ ಚಪ್ಪಟೆ ಪೆಟ್ಟಿಗೆ ಥರದ್ದು ಇದ್ದರೆ ಅದು ಸೇಟಾ ಡಿಸ್ಕ್, ಯುಎಸ್‌ಬಿ ಟು ಸೇಟಾ ಅಡಾಪ್ಟರ್ ಒಂದು ಸಾಕು, ಕರೆಂಟೂ ಯುಎಸ್‌ಬಿಯಿಂದಲೇ ಸಿಗುತ್ತದೆ. ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕ್ ಆದರೆ ಹಾಗಲ್ಲ, ಅದಕ್ಕೆ 12 ವೋಲ್ಟ್ ಬೇಕು, ಆದ್ದರಿಂದ ಬೇರೆ ಪವರ್ ಅಡಾಪ್ಟರ್ ಇರೋ ಕೇಬಲ್ಲೇ ತಗೊಳ್ಳಿ. ಉದ್ದನೆಯ ಸಣ್ಣ ಪಟ್ಟಿ ಒಂದೇ ಸ್ಕ್ರೂನಲ್ಲಿ ನಿಂತಿದ್ದರೆ ಅದು ಎಂ.2. ಇಲ್ಲಿ ಎಡವೋರು ಜಾಸ್ತಿ. ಎಂ.2 ನೋಡೋಕೆ ಒಂದೇ ಥರ ಇದ್ದರೂ ಒಳಗೆ ಸೇಟಾ ಬೇರೆ, ಎನ್‌ವಿಎಂಇ ಬೇರೆ, ಅಂದರೆ ಕಂಪ್ಯೂಟರಿನ ಜೊತೆ ಮಾತಾಡೋ ರೀತಿಯೇ ಬೇರೆ. ಒಂದರ ಯುಎಸ್‌ಬಿ ಡಬ್ಬಿಗೆ (ಡಿಸ್ಕ್ ಒಳಗಿಟ್ಟು ಯುಎಸ್‌ಬಿಗೆ ಜೋಡಿಸೋ ಎನ್‌ಕ್ಲೋಷರ್) ಇನ್ನೊಂದನ್ನು ಹಾಕಿದರೆ ಡಿಸ್ಕ್ ಕಾಣಿಸುವುದೇ ಇಲ್ಲ, ಜನ ಡಿಸ್ಕೇ ಹೋಯಿತು ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಎನ್‌ವಿಎಂಇ ಪಟ್ಟಿಯ ಪಿನ್ನುಗಳ ಸಾಲಿನಲ್ಲಿ ಒಂದು ಕಚ್ಚು, ಸೇಟಾದ್ದರಲ್ಲಿ ಎರಡು. ಆದರೂ ಲೇಬಲ್ ಓದಿಯೇ ತಗೊಳ್ಳಿ. ಎರಡಕ್ಕೂ ಆಗುವ ಡಬ್ಬಿಗಳೂ ಸಿಗುತ್ತವೆ.

ಪಟ್ಟಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ ಅಂದರೆ ಫೈಲುಗಳಿರೋ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಗ ಬೋರ್ಡಿಗೇ ಮತ್ತೆ ಜೀವ ಬರಿಸಬೇಕು, ಅದು ಚಿಪ್ ಮಟ್ಟದಲ್ಲಿ ಕೆಲಸ ಗೊತ್ತಿರೋರಿಗೆ ಬಿಟ್ಟಿದ್ದು.

ಉತ್ತರ:
ಮೇಲಿನವರು ಹೇಳಿದ್ದು ಸರಿ, ಆದರೆ ಅಡಾಪ್ಟರ್ ತಗೊಳ್ಳೋ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ) ಕಥೆ ನೋಡಿಕೊಳ್ಳಿ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿದ್ದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅನ್ನೋ ಇದೇ ಬೀಗ ತಾನಾಗಿಯೇ ಆನ್ ಆಗಿರುತ್ತದೆ, ಹೋಮ್ ಎಡಿಷನ್ನಿನಲ್ಲೂ. ಬಳಸೋರಿಗೆ ಗೊತ್ತೇ ಇರುವುದಿಲ್ಲ. ಹಳೇ ಬೋರ್ಡಿನ ಮೇಲಿದ್ದ ಟಿಪಿಎಂ ಚಿಪ್ ಸದ್ದಿಲ್ಲದೆ ಬೀಗ ತೆಗೆದುಕೊಡುತ್ತಿತ್ತು, ಈಗ ಬೋರ್ಡೇ ಇಲ್ಲ ಅಲ್ವಾ. ಹಾಗಾಗಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಡ್ರೈವ್ ಮೇಲೆ ಬೀಗದ ಚಿತ್ರ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ.

ಫೋನಿನಲ್ಲೇ ಆ ಅಕೌಂಟಿಗೆ ಲಾಗಿನ್ ಆಗಿ ನೋಡಿ, ಆ ಕೀ ಸಾಮಾನ್ಯವಾಗಿ ಅಲ್ಲೇ ಉಳಿದಿರುತ್ತದೆ. ಒಂದಕ್ಕಿಂತ ಜಾಸ್ತಿ ಕೀ ಇದ್ದರೆ ಡ್ರೈವ್ ತೋರಿಸೋ ಕೀ ಐಡಿಯ ಜೊತೆ ಹೋಲಿಸಿ. ಕಚೇರಿಯ ಲ್ಯಾಪ್‌ಟಾಪ್ ಆದರೆ ಅಲ್ಲಿನ ಐಟಿಯವರ ಹತ್ತಿರ ಇರಬಹುದು. ಎನ್‌ಕ್ರಿಪ್ಟ್ ಆಗಿದ್ದು ಕೀ ಎಲ್ಲೂ ಸಿಗದಿದ್ದರೆ ಯಾರ ಕೈಯಲ್ಲೂ ಏನೂ ಆಗಲ್ಲ, "ನಾವು ಓಪನ್ ಮಾಡಿಕೊಡುತ್ತೇವೆ" ಅನ್ನೋರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಉತ್ತರ:
ಜೋಡಿಸಿದ ಮೇಲೆ ಬರೋ ಎರಡು ಮೆಸೇಜುಗಳ ಬಗ್ಗೆ ಹೇಳುತ್ತೇನೆ.

ಒಂದು, "ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಿ" ಅನ್ನೋದು. ಕ್ಯಾನ್ಸಲ್ ಒತ್ತಿ, ಎಷ್ಟು ಸಲ ಬಂದರೂ ಕ್ಯಾನ್ಸಲ್ಲೇ. ವಿಂಡೋಸಿಗೆ ಡಿಸ್ಕಿನ ಆ ಭಾಗ (ಪಾರ್ಟಿಷನ್) ಓದೋಕೆ ಆಗಲಿಲ್ಲ ಅಂತ ಅದರ ಅರ್ಥ, ಫೈಲು ಇಲ್ಲ ಅಂತ ಅಲ್ಲ.

ಇನ್ನೊಂದು, ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿದಾಗ "ಪರ್ಮಿಷನ್ ಇಲ್ಲ" ಅನ್ನೋದು. ಇದಕ್ಕೆ ಹೆದರಬೇಕಿಲ್ಲ. ಕಂಟಿನ್ಯೂ ಒತ್ತಿದರೆ ಒಳಗಿನ ಒಂದೊಂದು ಫೈಲಿನ ಪರ್ಮಿಷನ್ನೂ ಬದಲಾಯಿಸುತ್ತಾ ಹೋಗುತ್ತದೆ, ಹಸಿರು ಪಟ್ಟಿ ತೆವಳುತ್ತಾ ಇರುತ್ತದೆ, ಕಾಯಬೇಕು ಅಷ್ಟೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲಾ ಅಲ್ಲೇ ಸಿಗುತ್ತವೆ. ಬ್ರೌಸರಿನ ಬುಕ್‌ಮಾರ್ಕ್ ಬೇಕಾದರೆ ಆಪ್‌ಡೇಟಾ ಅನ್ನೋ ಅಡಗಿಸಿಟ್ಟ ಫೋಲ್ಡರಿನಲ್ಲಿದೆ. ಆದರೆ ಸೇವ್ ಮಾಡಿದ್ದ ಪಾಸ್‌ವರ್ಡುಗಳು ಹಳೇ ವಿಂಡೋಸ್ ಲಾಗಿನ್ನಿಗೆ ಅಂಟಿಕೊಂಡಿರುತ್ತವೆ, ಫೋಲ್ಡರ್ ನಕಲು ಮಾಡಿದ ಮಾತ್ರಕ್ಕೆ ಅವು ಬರುವುದಿಲ್ಲ.

ಉತ್ತರ:
ಆ ಕಂಟಿನ್ಯೂ ಬಗ್ಗೆ ನನ್ನದೊಂದು ತಕರಾರು. ಗಟ್ಟಿಮುಟ್ಟಾದ ಡಿಸ್ಕಿನಲ್ಲಿ ಸರಿ, ಆದರೆ ಪರ್ಮಿಷನ್ ಬದಲಾಯಿಸೋದು ಅಂದರೆ ಡಿಸ್ಕಿನ ಮೇಲೆ ಬರೆಯೋದು. ಸಾಯೋ ಹಂತದಲ್ಲಿರೋ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ವಿಂಡೋಸಿನ ಡಿಸ್ಕ್ ಸರಿಮಾಡೋ ಚೆಕ್‌ಡಿಸ್ಕ್ ಕೂಡ ಬೇಡ, ಅದು "ರಿಪೇರಿ" ಅಂತ ಹೊರಟು ಇದ್ದದ್ದನ್ನೂ ಹಾಳುಮಾಡಿಬಿಡಬಹುದು.

ತಿರುಗೋ ಹಾರ್ಡ್ ಡಿಸ್ಕ್ ಆದರೆ ಕರೆಂಟ್ ಕೊಟ್ಟ ಕೂಡಲೇ ಕಿವಿ ಕೊಟ್ಟು ಕೇಳಿ. ಮೆಲ್ಲನೆ ಗುಂಯ್ ಅಂತ ಒಂದೇ ಸಮ ತಿರುಗಿದರೆ ಒಳ್ಳೆಯದು. ಟಕ್ ಟಕ್ ಟಕ್ ಅಂತ ಒಂದೇ ಲಯದಲ್ಲಿ ಬಡಿದು ನಿಂತು ಮತ್ತೆ ಶುರು ಮಾಡಿದರೆ ಹೆಡ್ (ಡಿಸ್ಕ್ ಓದೋ ಮುಳ್ಳು) ಹೋಗಿರೋ ಸಾಧ್ಯತೆ ಜಾಸ್ತಿ, ಆ ಕ್ಷಣವೇ ಆಫ್ ಮಾಡಿ. ಆನ್ ಇದ್ದಷ್ಟು ಹೊತ್ತೂ ಪ್ಲ್ಯಾಟರ್, ಅಂದರೆ ಮಾಹಿತಿ ಇರೋ ತಿರುಗೋ ತಟ್ಟೆ, ಗೀಚಿಹೋಗುತ್ತಿರಬಹುದು. ಅಂಥದ್ದು ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರೋ ಡೇಟಾ ರಿಕವರಿ ಲ್ಯಾಬಿಗೇ ಹೋಗಬೇಕು. ಫ್ರೀಜರಿನಲ್ಲಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಹೊರಗೆ ತೆಗೆದಾಗ ಒಳಗೆಲ್ಲಾ ತೇವ ಕೂರುತ್ತದೆ. ಅದೇ ಮಾಡೆಲ್ಲಿನ ಬೇರೆ ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಹಾಕೋದೂ ಈಗಿನ ಡಿಸ್ಕುಗಳಲ್ಲಿ ಸುಮ್ನೆ ಹಾಕಿದರೆ ನಡೆಯಲ್ಲ, ಆಯಾ ಡಿಸ್ಕಿಗೇ ಹೊಂದಿಸಿದ ಮಾಹಿತಿ ಆ ಬೋರ್ಡಿನಲ್ಲಿರುತ್ತದೆ.

ಸದ್ದಿಲ್ಲ, ಆದರೆ ತೀರಾ ನಿಧಾನ, ಮಧ್ಯೆ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ ಅಂದರೆ ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 05 ಮತ್ತು ಸಿ5 ಸಾಲು ನೋಡಿ. 05 ಅಂದರೆ ಕೆಟ್ಟು ಬೇರೆ ಜಾಗಕ್ಕೆ ಬದಲಾಯಿಸಿದ ಸೆಕ್ಟರುಗಳು (ಡಿಸ್ಕಿನ ಸಣ್ಣ ಸಣ್ಣ ತುಂಡುಗಳು). ಸಿ5 ಅಂದರೆ ಸರಿಯಾಗಿ ಓದೋಕಾಗದೆ ಬಾಕಿ ಉಳಿದ ಸೆಕ್ಟರುಗಳು. ಸಿ5ರಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಫೈಲು ಎಳೆಯೋ ಕೆಲಸ ಬಿಟ್ಟು ಇಡೀ ಡಿಸ್ಕಿನ ನಕಲು ಮಾಡಿ. ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಓಡಿಸಬೇಕು, ಅಷ್ಟೇ ಅಥವಾ ಜಾಸ್ತಿ ಜಾಗ ಇರೋ ಇನ್ನೊಂದು ಡಿಸ್ಕ್ ಬೇಕು. ಡಿಡಿರೆಸ್ಕ್ಯೂ ಸುಲಭವಾಗಿ ಬರೋದನ್ನು ಮೊದಲು ಎತ್ತಿಕೊಳ್ಳುತ್ತದೆ, ಹಟ ಮಾಡೋ ಜಾಗಗಳಿಗೆ ಆಮೇಲೆ ಬರುತ್ತದೆ, ಎಲ್ಲಿವರೆಗೆ ಆಯಿತು ಅಂತ ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ಹಾಗಾಗಿ ಮಧ್ಯದಲ್ಲಿ ನಿಲ್ಲಿಸಿ ನಾಳೆ ಮುಂದುವರಿಸಬಹುದು. ಮೂಲ ಯಾವುದು, ನಕಲು ಯಾವುದು ಅಂತ ಮಾತ್ರ ಎರಡೆರಡು ಸಲ ನೋಡಿ ಎಂಟರ್ ಒತ್ತಿ, ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಫೋಟೋಗಳ ಮೇಲೆ ಕೂರುತ್ತದೆ. ಫೈಲು ಹುಡುಕಿ ತೆಗೆಯೋ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಲ್ಲಾ ಆ ನಕಲಿನ ಮೇಲೆ ಓಡಿಸಿ. ಫೋಟೋರೆಕ್ ಫೈಲು ತಂದುಕೊಡುತ್ತದೆ, ಹಳೇ ಹೆಸರು ಮತ್ತು ಫೋಲ್ಡರ್ ತರುವುದಿಲ್ಲ, ಸಾವಿರಾರು ಫೋಟೋ ಕೂತು ಜೋಡಿಸಬೇಕಾಗುತ್ತದೆ.

ಉತ್ತರ:
ನಾನು ಲಿನಕ್ಸ್ ಪಾರ್ಟಿ. ಡಿಸ್ಕ್ ಚೆನ್ನಾಗಿದ್ದರೂ ಲೈವ್ ಪೆನ್‌ಡ್ರೈವಿನಿಂದಲೇ (ಇನ್‌ಸ್ಟಾಲ್ ಮಾಡದೆ ಓಡೋ ಲಿನಕ್ಸ್) ಓದುತ್ತೇನೆ, ಪರ್ಮಿಷನ್ ತಂಟೆಯೇ ಇಲ್ಲ. ವಿಂಡೋಸ್ ಸರಿಯಾಗಿ ಶಟ್‌ಡೌನ್ ಆಗಿರದಿದ್ದರೆ ಓದೋಕೆ ಮಾತ್ರ ಬಿಡುತ್ತೇನೆ ಅನ್ನಬಹುದು. ನಮಗೆ ಬೇಕಾಗಿರೋದೂ ಅಷ್ಟೇ ತಾನೆ.

ವಿಂಡೋಸಿನಲ್ಲೇ ಇರೋ ನಕಲು ಮಾಡೋ ಕಮಾಂಡ್ ರೋಬೋಕಾಪಿ ಬಳಸೋರು ಮರುಪ್ರಯತ್ನದ ಸಂಖ್ಯೆ ಕೊಡಲೇಬೇಕು. ಕೊಡದಿದ್ದರೆ ಕೆಟ್ಟ ಫೈಲು ಒಂದಕ್ಕೇ 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನಿಸುತ್ತದೆ. ತಮಾಷೆ ಅಲ್ಲ, ಅದರ ಡೀಫಾಲ್ಟೇ ಅದು.

ಉತ್ತರ:
ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಕ್ಲೌಡ್ ಸ್ಟೋರೇಜ್) ಬಗ್ಗೆ ಯಾರೂ ಹೇಳಲಿಲ್ಲ. ವಿಂಡೋಸ್ 10ರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ನಿಮಗೆ ಗಮನವಿಲ್ಲದೇ ಅಲ್ಲಿಗೆ ಹೋಗಿರಬಹುದು, ಸ್ಕ್ರೂಡ್ರೈವರ್ ಹಿಡಿಯೋ ಮುಂಚೆ ಬ್ರೌಸರಿನಲ್ಲಿ ಒಮ್ಮೆ ನೋಡಿ. ಇದರ ಉಲ್ಟಾನೂ ಇದೆ: ಕೆಲವು ಫೈಲುಗಳು ಡಿಸ್ಕಿನಲ್ಲಿ ಹೆಸರಿಗೆ ಮಾತ್ರ ಇದ್ದು ಒಳಗಿನ ಮಾಲು ಕ್ಲೌಡಿನಲ್ಲೇ ಇರುತ್ತದೆ, ಡಿಸ್ಕಿನಿಂದ ನಕಲು ಮಾಡೋಕೆ ಹೋದರೆ ಎರರ್ ಬರುತ್ತದೆ. ಅದು ಡಿಸ್ಕಿನ ತಪ್ಪಲ್ಲ.

ನಕಲು ಮುಗಿದ ಮೇಲೆ ದೊಡ್ಡ ಎಕ್ಸೆಲ್ ಫೈಲು, ಒಂದಷ್ಟು ವಿಡಿಯೋ, ಬೇರೆ ಬೇರೆ ವರ್ಷದ ಫೋಟೋಗಳನ್ನು ನಿಜವಾಗಿ ತೆರೆದು ನೋಡಿ. ಹೆಸರೂ ಸೈಜೂ ಸರಿ ಇದ್ದು ಫೋಟೋದ ಕೆಳಗಿನ ಅರ್ಧ ಬೂದು ಬಣ್ಣವಾಗಿರೋದನ್ನು ನೋಡಿದ್ದೇನೆ. ಇನ್ನೊಂದು ಕಡೆ ಎರಡನೇ ನಕಲು ಆಗೋವರೆಗೂ ಹಳೇ ಡಿಸ್ಕನ್ನು ಅಳಿಸಬೇಡಿ, ಯಾರಿಗೂ ಕೊಡಲೂಬೇಡಿ.