ಹುಣಸೆ ಹಾಕದ ಬಸ್ಸಾರು: ಟಿವಿಯಲ್ಲಿ ಕಂಡ ಅಡುಗೆಯೊಂದರ ಹುಡುಕಾಟ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಗುಂಪಿನಲ್ಲಿ ಒಬ್ಬರು ಎರಡು ಪ್ರಶ್ನೆ ಕೇಳಿದ್ದರು. ಇಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಮುದ್ದೆ, ಸೊಪ್ಪಿನ ಸಾರಿನ ರುಚಿ ಹತ್ತಿಸುವುದು ಹೇಗೆ? ಊರಿನಲ್ಲಿರುವ ಅಜ್ಜಿಯ ಜೊತೆ ಫೋನಿನಲ್ಲಿ "ಚೆನ್ನಾಗಿದ್ದೀರಾ, ಊಟ ಆಯಿತಾ" ಎನ್ನುವುದನ್ನು ದಾಟಿ ಅವರನ್ನು ಮಾತಾಡಿಸುವುದು ಹೇಗೆ? ಎರಡಕ್ಕೂ ನನ್ನ ಬಳಿ ಇರುವುದು ಒಂದೇ ಉತ್ತರ, ಅದು ಒಂದು ಬಸ್ಸಾರಿನ ಕಥೆ. ಉದ್ದವಾಗಿದೆ, ಸಮಾಧಾನದಿಂದ ಓದಿ. ಮಾಡುವ ವಿಧಾನವೂ ಇದರಲ್ಲೇ ಇದೆ.

ನಮ್ಮದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕು. ಈಗ ನೆಲೆಸಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ. ಕೆಲವು ವರ್ಷಗಳ ಹಿಂದೆ ಜುಲೈ ರಜೆಯಲ್ಲಿ ಊರಿಗೆ ಹೋಗಿದ್ದಾಗ, ಟಿವಿಯ ಅಡುಗೆ ಕಾರ್ಯಕ್ರಮವೊಂದರಲ್ಲಿ ನಮ್ಮ ಸೀಮೆಯ ಹೆಂಗಸೊಬ್ಬರು ಬಸ್ಸಾರು ಮಾಡಿ ತೋರಿಸಿದರು. ಈರುಳ್ಳಿ, ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಸುಟ್ಟರು. ಸೊಪ್ಪು ನಾಲ್ಕೈದು ಬಗೆಯದಿತ್ತು. ಹುಣಸೆಹಣ್ಣನ್ನು ಮಾತ್ರ ಹಾಕಲೇ ಇಲ್ಲ. ಸಾರು ಬಾಯಿಗಿಟ್ಟ ನಿರೂಪಕರು, "ಹುಳಿ ಇದೆಯಲ್ಲ, ಎಲ್ಲಿಂದ ಬಂತು?" ಎಂದು ಕೇಳಿದರು. ಆಕೆ ನಕ್ಕು ಏನೋ ಹೇಳುವಷ್ಟರಲ್ಲಿ ಕರೆಂಟ್ ಹೋಯಿತು.

ಆ ಉತ್ತರ ನನ್ನ ತಲೆಯಲ್ಲಿ ಹಾಗೆಯೇ ಬಾಕಿ ಉಳಿಯಿತು. ಕೋಲಾರ, ಚಿಂತಾಮಣಿ ಕಡೆ ಹುಣಸೆ ಮರಗಳಿಗೆ ಬರವಿಲ್ಲ. ವರ್ಷಕ್ಕಾಗುವಷ್ಟು ಹಣ್ಣಿಗೆ ಉಪ್ಪು ಬೆರೆಸಿ ಮಡಕೆಯಲ್ಲಿ ತುಂಬಿಡುವ ಮನೆಗಳು ಅವು. ಅಂಥ ಕಡೆಯವರು ಬಸ್ಸಾರಿಗೆ ಹುಣಸೆ ಬಿಟ್ಟರೆಂದರೆ ಅದು ಮರೆವಲ್ಲ, ಕಾರಣ ಇರಲೇಬೇಕು.

ಹಿಂದೆ ಒಮ್ಮೆ ಇಲ್ಲಿಯೇ ಕೇಳಿದ್ದೆ. ಜೀ ಕನ್ನಡದ 'ಒಗ್ಗರಣೆ ಡಬ್ಬಿ' ಇರಬಹುದು ಎಂದು ಕೆಲವರು, ಸಿಹಿಕಹಿ ಚಂದ್ರು ಅವರ 'ಬೊಂಬಾಟ್ ಭೋಜನ' ಇರಬಹುದು ಎಂದು ಕೆಲವರು ಹೇಳಿ, ತಮಗೆ ಸಿಕ್ಕ ಬಸ್ಸಾರಿನ ವಿಡಿಯೊಗಳನ್ನೆಲ್ಲ ಪ್ರೀತಿಯಿಂದ ಕಳುಹಿಸಿದಿರಿ. ಎಲ್ಲದರಲ್ಲೂ ಹುಣಸೆ ಇತ್ತು. ಟೊಮೆಟೊ ಇರಬೇಕು ಎಂದರು ಒಬ್ಬರು. ಟೊಮೆಟೊಗೆ ಹೆಸರಾದ ಜಿಲ್ಲೆ ನಮ್ಮದು, ಆದರೆ ನಾನು ನೋಡಿದ ಸಾರಿಗೆ ಕೆಂಪು ಬಣ್ಣವೇ ಇರಲಿಲ್ಲ. ಮಾವಿನಕಾಯಿ ಎಂದರು ಇನ್ನೊಬ್ಬರು. ಪಕ್ಕದ ಶ್ರೀನಿವಾಸಪುರ ಮಾವಿನ ಊರು, ಜುಲೈಯಲ್ಲಿ ಸುಗ್ಗಿಯ ಕೊನೆ, ಹಾಗಾಗಿ ಈ ಊಹೆಯಲ್ಲಿ ಹುರುಳಿತ್ತು. ಆದರೆ ರುಬ್ಬುವ ಮೊದಲು ತಟ್ಟೆಯಲ್ಲಿ ಜೋಡಿಸಿಟ್ಟಿದ್ದ ಸಾಮಾನಿನಲ್ಲಿ ಮಾವು ಇರಲಿಲ್ಲ, ಅಷ್ಟು ನನಗೆ ಖಚಿತವಾಗಿ ನೆನಪಿದೆ. ಪುಂಡಿ ಸೊಪ್ಪು ಹಾಕಿದ್ದರೆ ಹುಳಿ ಇನ್ನೂ ಜೋರಾಗಿ ಎದ್ದು, ಬಸ್ಸಾರಿನ ಬೇರೆ ರುಚಿಗಳನ್ನು ಮುಚ್ಚಿಬಿಡುತ್ತಿತ್ತು.

ಹುಡುಕಾಟ ಮುಂದೆ ಸಾಗಿದ್ದು ನನ್ನಿಂದಲ್ಲ, ಎಂಟನೇ ತರಗತಿಯಲ್ಲಿರುವ ನನ್ನ ಮಗಳಿಂದ. ಅವಳಿಗೆ ಪತ್ತೇದಾರಿ ಕಥೆಗಳೆಂದರೆ ಪ್ರಾಣ. ಶನಿವಾರ ಬೆಳಿಗ್ಗೆ ನಮಗೆ ಎಂಟು ಗಂಟೆಯಾದರೆ ಬೇಸಿಗೆಯ ಲೆಕ್ಕದಲ್ಲಿ ಮುಳಬಾಗಿಲಿನಲ್ಲಿ ಸಂಜೆ ಆರೂವರೆ. ಅಮ್ಮ ದೀಪ ಹಚ್ಚಿ ಕುಳಿತಿರುವ ಹೊತ್ತು. ಆ ವೇಳೆಗೆ ಕರೆ ಮಾಡಿ, "ಅಜ್ಜಿ, ಆ ಟಿವಿ ಅಡುಗೆಯ ವಿಷಯ ನಿಮಗೆ ಏನೇನು ನೆನಪಿದೆ, ಎಲ್ಲವನ್ನೂ ಹೇಳಿ" ಎಂದು ಶುರುಮಾಡಿದಳು. ಪಾಕವಿಧಾನ ಕೇಳಲಿಲ್ಲ ಎಂಬುದನ್ನು ಗಮನಿಸಿ. ಆಕೆ ಎಂಥ ಒಲೆಯ ಮುಂದೆ ಕುಳಿತಿದ್ದರು, ಸೊಪ್ಪನ್ನು ಎಲ್ಲಿಂದ ತಂದಿದ್ದರು, ಅಂದು ಹೊಲ ಹಸಿರಾಗಿತ್ತೇ ಎಂದು ಕೇಳಿದಳು. ನಾನು ಒಲೆ ನೋಡುತ್ತಿದ್ದ ಹೊತ್ತಿನಲ್ಲಿ ಅಮ್ಮ ಬೇರೇನನ್ನೋ ನೋಡಿದ್ದರು. "ಬೆಳಿಗ್ಗೆಯೇ ಕಿತ್ತು ತರಬೇಕು ಎಂದಿದ್ದರು ಕಂದ. ಬಿಸಿಲೇರಿದ ಮೇಲೆ ಕಿತ್ತರೆ ಸಪ್ಪೆ ಎಂದರು. ಸೊಪ್ಪು ಬಾಡುತ್ತದಲ್ಲ, ಅದಕ್ಕಿರಬೇಕು ಎಂದುಕೊಂಡೆ" ಎಂದರು.

ಬಾಡಿದ ಸೊಪ್ಪಿಗೆ ಸೊಗಸಿಲ್ಲ ಎನ್ನುತ್ತಾರೆಯೇ ಹೊರತು ಸಪ್ಪೆ ಎಂದು ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಹುಳಿಯಾಗಿದ್ದು ಮಧ್ಯಾಹ್ನಕ್ಕೆ ಸಪ್ಪೆಯಾಗುವ ಸೊಪ್ಪು ಯಾವುದು ಎಂಬುದೇ ಈಗ ಪ್ರಶ್ನೆ. ಅಮ್ಮ ಅದನ್ನು ಬೀದಿಯ ಹೆಂಗಸರ ಮುಂದಿಟ್ಟರು. ಬೆರಕೆ ಸೊಪ್ಪು ಆರಿಸುವುದರಲ್ಲಿ ಪಳಗಿದ ನೆರೆಮನೆಯ ಅತ್ತೆಯೊಬ್ಬರು ಮರು ವಾರದ ವಿಡಿಯೊ ಕರೆಗೆ ಒಂದು ಗಿಡವನ್ನು ಬೇರುಸಹಿತ ಹಿಡಿದುಕೊಂಡೇ ಬಂದರು. ಕೆಂಪು ಛಾಯೆಯ ನುಣುಪಾದ ಕಾಂಡ, ಚಮಚದ ಆಕಾರದ ದಪ್ಪ ಎಲೆ, ತುದಿಯಲ್ಲಿ ಸಣ್ಣ ಹಳದಿ ಹೂ. ಗೋಣಿ ಸೊಪ್ಪು. ತೆಲುಗು ಮಾತಾಡುವ ಮನೆಗಳಲ್ಲಿ ಗಂಗಪಾಯಲ.

ಆಗ ನನ್ನ ಕಿರಿಯ ಮಗ ಕೂಗಿದ: "ಅಪ್ಪಾ, ಇದು ನಮ್ಮ ಕಾರು ನಿಲ್ಲಿಸುವ ಕಡೆ ಸಿಮೆಂಟ್ ಬಿರುಕಿನಲ್ಲಿ ಬೆಳೆದಿರುವ ಗಿಡ!"

ನಿಜವೇ. ಇಲ್ಲಿಯವರು ಪರ್ಸ್ಲೇನ್ ಎಂದು ಕರೆದು ಕಳೆಯೆಂದು ಕಿತ್ತೆಸೆಯುವ ಗಿಡ ಅದು. ಮೆಕ್ಸಿಕೋದವರ ದಿನಸಿ ಅಂಗಡಿಗಳಲ್ಲಿ 'ವರ್ಡೊಲಾಗಾಸ್' ಎಂಬ ಹೆಸರಿನಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ. ಅವರು ಹಂದಿಮಾಂಸದ ಜೊತೆ ಹಸಿರು ಸಾಸ್‌ನಲ್ಲಿ ಬೇಯಿಸುತ್ತಾರೆ.

ಬೆಳಗಿನ ಹುಳಿಯ ಗುಟ್ಟು ಗಿಡದೊಳಗೇ ಇದೆ. ನೀರಿನ ಕೊರತೆಯಾದಾಗ ಈ ಗಿಡ ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ, ಅದನ್ನು ಮ್ಯಾಲಿಕ್ ಆಮ್ಲವಾಗಿ ಎಲೆಯಲ್ಲಿ ಕೂಡಿಡುತ್ತದೆ. ಸೇಬಿನ ಹುಳಿಯೂ ಇದೇ ಆಮ್ಲದ್ದು. ಬೆಳಗಾದ ಮೇಲೆ ಆ ಸಂಗ್ರಹವನ್ನು ಬಳಸಿಕೊಂಡು ಆಹಾರ ತಯಾರಿಸುವುದರಿಂದ ಹೊತ್ತು ಏರಿದಂತೆ ಹುಳಿ ಇಳಿಯುತ್ತದೆ. ಜೋಳ, ಕಬ್ಬು, ರಾಗಿ ಅನುಸರಿಸುವ ಇನ್ನೊಂದು ಬಗೆಯ ದ್ಯುತಿಸಂಶ್ಲೇಷಣೆಯೂ ಇದರಲ್ಲಿದೆ. ಈ ಎರಡೂ ಒಂದೇ ಜೀವಕೋಶಗಳಲ್ಲಿ ಒಟ್ಟಿಗೆ ನಡೆಯುತ್ತವೆ ಎಂದು 2022ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ನಿತ್ಯ ಹರಿಯುವ ನದಿಯಿಲ್ಲದೆ ಕೆರೆಯನ್ನೂ ಮಳೆಯನ್ನೂ ನೆಚ್ಚಿಕೊಂಡ ನಮ್ಮ ಜಿಲ್ಲೆಯ ಹೊಲದಲ್ಲಿ ಈ ಗಿಡ ಹುಳಿಯಾಗಿರುವುದರಲ್ಲಿ ಆಶ್ಚರ್ಯವೇನಿದೆ? ಟಿವಿಯಲ್ಲಿ ಬಂದ ಆ ಹೆಂಗಸು ಇದನ್ನು ನಾಲಿಗೆಯಿಂದಲೇ ತಿಳಿದಿದ್ದರು. ಆಕೆಯ ಬಗ್ಗೆ ನನಗೆ ಅಪಾರ ಗೌರವ ಮೂಡಿತು.

ಮಕ್ಕಳು ಬೀಜ ತರಿಸಿ ಕುಂಡದಲ್ಲಿ ಬೆಳೆಸಿದರು. ಕೆಲವು ದಿನ ನೀರು ಹಾಕುವುದನ್ನು ನಿಲ್ಲಿಸಿ, ಬೆಳಗಿನ ಎಲೆಯನ್ನೂ ಸಂಜೆಯ ಎಲೆಯನ್ನೂ ತಿಂದು ನೋಡಿದರು. ವ್ಯತ್ಯಾಸ ಸ್ಪಷ್ಟವಾಗಿತ್ತು. ಸೊಪ್ಪೆಂದರೆ ಮುಖ ಸಿಂಡರಿಸುತ್ತಿದ್ದ ಮಗ ತಾನಾಗಿ ಎಲೆ ಕಿತ್ತು ತಿಂದದ್ದನ್ನು ನೋಡಿ ನನ್ನ ಹೆಂಡತಿಯ ಕಣ್ಣು ತುಂಬಿ ಬಂತು.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗೋಣಿ ಸೊಪ್ಪಿನಂತೆಯೇ ನೆಲಕ್ಕೆ ಹರಡಿಕೊಳ್ಳುವ, ಅದೇ ಬಿರುಕುಗಳಲ್ಲಿ ಬೆಳೆಯುವ ಸ್ಪರ್ಜ್ ಎಂಬ ವಿಷದ ಗಿಡ ಇದೆ. ಅದರ ಕಾಂಡ ತಂತಿಯಂತೆ ಸಣ್ಣ, ಎಲೆ ತೆಳು, ಮುರಿದರೆ ಬಿಳಿ ಹಾಲು ಬರುತ್ತದೆ. ಗೋಣಿ ಸೊಪ್ಪನ್ನು ಮುರಿದರೆ ನೀರಿನಂಥ ರಸ ಬರುತ್ತದೆ, ಹಾಲು ಬರುವುದಿಲ್ಲ. ಗುರುತು ಸಿಕ್ಕರೂ ರಸ್ತೆಬದಿ, ಹುಲ್ಲುಹಾಸು, ಸಿಮೆಂಟ್ ಬಿರುಕಿನದನ್ನು ಕಿತ್ತು ತಿನ್ನಬೇಡಿ. ಇಲ್ಲೆಲ್ಲ ಕಳೆನಾಶಕ ಸಿಂಪಡಿಸುತ್ತಾರೆ. ಊರಿನಲ್ಲೂ ಈಗ ಅದೇ ಕಥೆ, "ಹೊಲಕ್ಕೆಲ್ಲ ಔಷಧಿ ಹೊಡೆಯುತ್ತಾರೆ, ಬದುವಿನ ಸೊಪ್ಪು ಕೀಳಲು ಹೆದರಿಕೆ" ಎಂದು ಅಮ್ಮ ನೊಂದುಕೊಂಡರು. ಅಂಗಡಿಯಲ್ಲಿ ಕೊಳ್ಳಿ, ಇಲ್ಲವೇ ಕುಂಡದಲ್ಲಿ ಬೆಳೆಯಿರಿ. ಗಣಿಕೆ ಸೊಪ್ಪನ್ನಂತೂ ಇಲ್ಲಿ ಕಾಡುಗಿಡದಿಂದ ಆರಿಸಲೇಬೇಡಿ, ಅದನ್ನು ಹೋಲುವ ವಿಷದ ಗಿಡಗಳಿವೆ. ಇನ್ನೊಂದು ಮಾತು: ಗೋಣಿ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು. ಬೇಯಿಸಿ ನೀರು ಚೆಲ್ಲಿದರೆ ಸ್ವಲ್ಪ ಕಡಿಮೆಯಾದೀತು, ಆದರೆ ಬಸ್ಸಾರಿನಲ್ಲಿ ನಾವು ಉಣ್ಣುವುದೇ ಆ ನೀರನ್ನು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಇದನ್ನು ಬಿಟ್ಟು, ಬೇರೆ ಸಾರು ಮಾಡಿಕೊಳ್ಳುವುದು ಒಳ್ಳೆಯದು.

ಈಗ ಅಡುಗೆ. ಒಂದು ಲೋಟ ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಬೇಯಿಸಿ. ಕುಕ್ಕರ್ ಬೇಡ, ಬೇಳೆ ಬೆರಳಿಗೆ ಮೆತ್ತಗಾಗಬೇಕು, ಕರಗಬಾರದು. ಮುಕ್ಕಾಲು ಬೆಂದಾಗ ಒಂದು ದೊಡ್ಡ ಕಟ್ಟು ಗೋಣಿ ಸೊಪ್ಪು, ಅಷ್ಟೇ ದಂಟಿನ ಸೊಪ್ಪು, ಒಂದು ಹಿಡಿ ಸಬ್ಬಸಿಗೆ ಹಾಕಿ, ಉಪ್ಪು ಹಾಕಿ. ದಂಟಿನ ಸೊಪ್ಪು ಚೀನೀಯರ ಅಂಗಡಿಗಳಲ್ಲಿ ಚೆನ್ನಾಗಿರುತ್ತದೆ, ಸಬ್ಬಸಿಗೆ ಎಲ್ಲ ಸೂಪರ್‌ಮಾರ್ಕೆಟ್‌ಗಳಲ್ಲೂ ಸಿಗುತ್ತದೆ. ಸೊಪ್ಪು ಬೆಂದ ಕೂಡಲೇ ಬಸಿದು, ಕಟ್ಟನ್ನು, ಅಂದರೆ ಬಸಿದ ನೀರನ್ನು ಬೇರೆ, ಸೊಪ್ಪು ಬೇಳೆಯನ್ನು ಬೇರೆ ಇಡಿ. ಒಂದು ದೊಡ್ಡ ಈರುಳ್ಳಿಯನ್ನೂ ಒಂದು ಗಡ್ಡೆ ಬೆಳ್ಳುಳ್ಳಿಯನ್ನೂ ಗ್ಯಾಸ್ ಉರಿಯ ಮೇಲೆ ಹೊರಗೆ ಕಪ್ಪಾಗುವವರೆಗೆ ಸುಡಿ. ವಿದ್ಯುತ್ ಒಲೆಯವರು ಓವನ್ನಿನ ಮೇಲಿನ ಉರಿಯಲ್ಲಿ ಸುಡಬಹುದು. ಸಿಪ್ಪೆ ತೆಗೆದು, ಅರ್ಧ ಹಿಡಿ ತೆಂಗಿನತುರಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಎರಡು ಚಮಚ ಸಾರಿನ ಪುಡಿ, ಒಂದು ಸೌಟು ಬೆಂದ ಸೊಪ್ಪು ಬೇಳೆಯ ಜೊತೆ ನುಣ್ಣಗೆ ರುಬ್ಬಿ. ಕಟ್ಟಿಗೆ ಬೆರೆಸಿ ಎರಡು ಕುದಿ ಕುದಿಸಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಡಿ. ಉಳಿದ ಸೊಪ್ಪು ಬೇಳೆಗೆ ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿ. ಬಿಸಿ ಮುದ್ದೆಗೆ ಎರಡೂ ಬೇಕು. ಅಂಗಡಿಯ ಸೊಪ್ಪು ಯಾವ ಹೊತ್ತಿನಲ್ಲಿ ಕಿತ್ತದ್ದೋ ಹೇಳುವುದು ಕಷ್ಟ, ಹುಳಿ ಸಾಲದಿದ್ದರೆ ಕೊನೆಯಲ್ಲಿ ನಿಂಬೆರಸ ಹಿಂಡಿ.

ಭಾನುವಾರದ ಕನ್ನಡ ತರಗತಿಗೆ ನನ್ನ ಮಕ್ಕಳೂ ಹೋಗುತ್ತಾರೆ, ಅಕ್ಷರ ಕಲಿಯಲು ಅದು ಬೇಕೇ ಬೇಕು. ಆದರೆ ಬಸಿ, ಕಿವುಚು, ಹುರಿ, ಬಾಡಿಸು ಎಂಬ ಮಾತುಗಳು ನನ್ನ ಮಗಳ ಬಾಯಿಗೆ ಬಂದದ್ದು ಈ ಕರೆಗಳಿಂದ. ಅವಳಿಗೆ ಬೇಕಾಗಿದ್ದ ಉತ್ತರ ಕನ್ನಡದಲ್ಲಿ ಮಾತ್ರ ಇತ್ತು, ಅದಕ್ಕಾಗಿ ಕೇಳಿದಳು. ಅಜ್ಜಿಗೂ ಮೊಮ್ಮಗಳು ಉಪಚಾರಕ್ಕೆ ಮಾತಾಡುತ್ತಿಲ್ಲ, ತನ್ನಿಂದ ಏನೋ ತಿಳಿಯಬೇಕಾಗಿದೆ ಎಂಬುದು ಅರ್ಥವಾಯಿತು. ಈಗ ಶನಿವಾರ ಕರೆ ತಡವಾದರೆ ಅಮ್ಮನೇ ಫೋನ್ ಮಾಡುತ್ತಾರೆ. ಮನೆಯಲ್ಲಿ ನಿಮಗೂ ಅರ್ಧ ನೆನಪಿರುವ ಅಡುಗೆ ಇದ್ದೇ ಇರುತ್ತದೆ. ಅದನ್ನು ನೀವೇ ಇಂಟರ್‌ನೆಟ್‌ನಲ್ಲಿ ಹುಡುಕಿ ಮುಗಿಸಬೇಡಿ, ಮಕ್ಕಳ ಕೈಗೆ ಕೊಡಿ. ಅಡುಗೆಯ ಹೆಸರಿಗಿಂತ ಅದರ ಕಾಲ, ಹೊಲ, ಪಾತ್ರೆ, ಕಿತ್ತ ಹೊತ್ತು ಇವನ್ನು ಕೇಳಲು ಹೇಳಿ.

ಒಂದು ಎಳೆ ಇನ್ನೂ ಉಳಿದಿದೆ. ಆ ಹೆಂಗಸು ಬಳಸಿದ್ದು ತೊಗರಿಬೇಳೆಯಲ್ಲ, ಹುರುಳಿಕಾಳು ಎಂದು ಅಮ್ಮ ಈಚೆಗೆ ಹೇಳತೊಡಗಿದ್ದಾರೆ. ಬಾಗೇಪಲ್ಲಿ, ಗುಡಿಬಂಡೆ, ಪಾವಗಡ ಕಡೆಯವರು ಗುಂಪಿನಲ್ಲಿ ಇದ್ದೀರಿ. ನಿಮ್ಮಲ್ಲಿ ಗೋಣಿ ಸೊಪ್ಪಿಗೆ ಹುರುಳಿ ಹಾಕುತ್ತಾರೆಯೇ? ಹಾಕಿದರೆ ಮೊಳಕೆ ಬರಿಸಿಯೋ, ಹಾಗೆಯೇ ನೆನೆಸಿಯೋ? ಮನೆಯ ಹಿರಿಯರನ್ನು ಕೇಳಿ ತಿಳಿಸಿ, ಮಗಳು ಕಾಯುತ್ತಿದ್ದಾಳೆ.