ಆನ್‌ಲೈನ್ ರಸಪ್ರಶ್ನೆಯಲ್ಲಿ ‘ತಪ್ಪು’ ಎನ್ನುವ ಬದಲು ಏನನ್ನೋಣ?

ಗೆಳೆಯರೇ, ನಮಸ್ಕಾರ.

ಆರನೇ ತರಗತಿಯ ಮಕ್ಕಳಿಗಾಗಿ ಭಿನ್ನರಾಶಿಯ ಮೇಲೆ ಒಂದು ಆನ್‌ಲೈನ್ ರಸಪ್ರಶ್ನೆ ಮಾಡುತ್ತಿದ್ದೇನೆ. ಮೂಡಲ್ (Moodle) ಎನ್ನುವ ಆನ್‌ಲೈನ್ ಪಾಠದ ತಂತ್ರಾಂಶದಲ್ಲಿ ಕಟ್ಟಿದ್ದು, ಒಟ್ಟು 20 ಪ್ರಶ್ನೆ. ಲೆಕ್ಕಗಳನ್ನು ಬರೆದದ್ದು ಬೇಗ ಮುಗಿಯಿತು. ಕೆಲಸ ನಿಂತಿರುವುದು ಕೆಲವು ಪದಗಳಲ್ಲಿ. ಅದರಲ್ಲೂ ಜಾಸ್ತಿ ಕಾಡುತ್ತಿರುವುದು ‘ತಪ್ಪು’ ಎನ್ನುವ ಪದ.

ಮೊದಲ ಕರಡು ಮುಗಿದ ದಿನ ಅದನ್ನು ಅಣ್ಣನ ಮಗಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಿದ್ದೆ. ಮೂರನೇ ಪ್ರಶ್ನೆ: 1/2 + 1/3 ಎಷ್ಟು? ಅವಳು 2/5 ಒತ್ತಿದಳು. ಕೆಂಪು ಪಟ್ಟಿಯಲ್ಲಿ ‘ತಪ್ಪು’ ಎಂದು ಬಂತು. ಅವಳು ನನ್ನ ಮುಖ ನೋಡಿ ಮೆಲ್ಲಗೆ “ತಪ್ಪಾಯ್ತಾ ಅತ್ತೆ?” ಅಂದಳು. ಅದು ಲೆಕ್ಕದ ಬಗ್ಗೆ ಕೇಳುವ ದನಿಯಾಗಿರಲಿಲ್ಲ. ಕೈಜಾರಿ ಲೋಟ ಒಡೆದಾಗ ಮಕ್ಕಳು ಕೇಳುತ್ತಾರಲ್ಲ, ಆ ದನಿ.

ಆಮೇಲೆ ಪರದೆ ನೋಡಿ ಇನ್ನೊಂದು ಮಾತು ಕೇಳಿದಳು. ಕೆಂಪು ಪಟ್ಟಿಯ ಕೆಳಗೆ ಒಂದು ಬಟನ್ ಇತ್ತು. ಅದರ ಮೇಲೆ ನಾನೇ ‘ಸರಿ’ ಎಂದು ಬರೆದಿದ್ದೆ. “ತಪ್ಪು ಅಂತಾನೂ ಇದೆ, ಸರಿ ಅಂತಾನೂ ಇದೆ. ಯಾವುದು ನಿಜ?” ಓಕೆ ಬಟನ್ನಿಗೆ ‘ಸರಿ’ ಎಂದು ಬರೆಯುವುದು ಕನ್ನಡದಲ್ಲಿ ವಾಡಿಕೆಯೇ. ಬೇರೆ ಕಡೆ ಅದು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಉತ್ತರದ ತೀರ್ಮಾನ ಹೇಳುವ ಪರದೆಯಲ್ಲಿ ಅದೇ ಪದ ಬಂದರೆ ಮಗು ಏನೆಂದು ಓದಬೇಕು? ಅವತ್ತೇ ಅದನ್ನು ತೆಗೆದು ‘ಮುಂದೆ’ ಎಂದು ಹಾಕಿದೆ. ‘ತಪ್ಪು’ ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ.

ಈ ಪದದ ಬಗ್ಗೆ ನನಗೆ ತೋಚಿದ್ದು ಇಷ್ಟು. ಕ್ರಿಯಾಪದವಾಗಿ ‘ತಪ್ಪು’ ಎಂದರೆ ಸಿಗಬೇಕಾದದ್ದು ಸಿಗದೆ ಹೋಗುವುದು, ಮುಟ್ಟಬೇಕಾದ್ದನ್ನು ಮುಟ್ಟದಿರುವುದು. ಬಸ್ಸು ತಪ್ಪಿತು, ಗುರಿ ತಪ್ಪಿತು, ದಾರಿ ತಪ್ಪಿತು, ಲೆಕ್ಕ ತಪ್ಪಿತು. ಇಲ್ಲಿ ಯಾರ ಮೇಲೂ ದೂರಿಲ್ಲ. ‘ತಪ್ಪಿಸಿಕೊಂಡ’ ಎಂದಾಗಲಂತೂ ಬಚಾವಾದ ಅರ್ಥ. ತಮಿಳಿನಲ್ಲೂ ಇದೇ ಬೇರಿನ ಮಾತಿಗೆ ಪಾರಾಗುವ ಅರ್ಥ ಇದೆ. ಮದುವೆಗೆ ಕರೆಯುವಾಗ “ತಪ್ಪದೆ ಬನ್ನಿ” ಅನ್ನುತ್ತೇವೆ. ಆದರೆ ಅದೇ ಪದ ನಾಮಪದವಾದ ಕೂಡಲೇ ಬೇರೆಯೇ ಭಾರ ಬರುತ್ತದೆ. ತಪ್ಪು ಮಾಡಿದ, ತಪ್ಪು ಒಪ್ಪಿಕೊಂಡ, ದೇವರಿಗೆ ತಪ್ಪುಕಾಣಿಕೆ ಹಾಕಿದ. ಕ್ಷಮೆ ಕೇಳುವಾಗಲೂ “ತಪ್ಪಾಯ್ತು” ಅನ್ನುತ್ತೇವೆ. ಗುರಿ ಮುಟ್ಟದಿರುವುದೂ ಅಪರಾಧವೂ ಒಂದೇ ಪದದಲ್ಲಿ ಕೂತಿವೆ. ದೊಡ್ಡವರು ಸಂದರ್ಭ ನೋಡಿ ಬೇರೆ ಮಾಡಿಕೊಳ್ಳುತ್ತೇವೆ. ಹತ್ತು ಹನ್ನೊಂದು ವರ್ಷದ ಮಗುವಿಗೆ, ಕೆಂಪು ಬಣ್ಣದಲ್ಲಿ, ಬೇರೆ ಮಾತೇ ಇಲ್ಲದೆ ಆ ಪದವೊಂದೇ ಎದುರಾದರೆ ಎರಡನೆಯ ಅರ್ಥವೇ ಮೊದಲು ತಟ್ಟುತ್ತದೆ ಎಂದು ನನಗನ್ನಿಸುತ್ತದೆ.

ಹಾಗಾಗಿ ಬೇರೆ ಬೇರೆ ಮಾತುಗಳನ್ನು ಹಾಕಿ ನೋಡಿದೆ. ‘ಸರಿಯಲ್ಲ’ ಎಂದರೆ “ನೀನು ಮಾಡಿದ್ದು ಸರಿಯಲ್ಲ” ಎನ್ನುವ ಬುದ್ಧಿಮಾತಿನ ನೆರಳು ಬರುತ್ತದೆ. ‘ಅಲ್ಲ’ ತೀರಾ ಮೊಟಕು. ‘ಇದಲ್ಲ’ ನನಗೆ ಹಿಡಿಸಿತು. ಅದು ಆಯ್ಕೆಯ ಬಗ್ಗೆ ಮಾತಾಡುತ್ತದೆ, ಮಗುವಿನ ಬಗ್ಗೆ ಅಲ್ಲ. ‘ಇದಲ್ಲ, ಇನ್ನೊಂದು ಸಲ ನೋಡಿ’ ಎಂದು ಹಾಕಿದೆ. ಆದರೆ ಒಂದು ತೊಂದರೆ ಕಂಡಿತು. ‘ಇದಲ್ಲ’ ಎಂದ ಕೂಡಲೇ ಮಕ್ಕಳು ಲೆಕ್ಕಕ್ಕೆ ವಾಪಸ್ ಹೋಗದೆ ಸುಮ್ನೆ ಮುಂದಿನ ಆಯ್ಕೆ ಒತ್ತುತ್ತಾರೆ. ನಾಲ್ಕರಲ್ಲಿ ಒಂದು ಹೋದರೆ ಮೂರು ಉಳಿಯಿತು, ಅಷ್ಟೇ. ಪದ ಮೆತ್ತಗಾದರೆ ಸಾಲದು, ಯಾಕೆ ಅಲ್ಲ ಎಂದೂ ಹೇಳಬೇಕು. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ.

ಅದಕ್ಕೆ ಪ್ರತಿ ಆಯ್ಕೆಯ ಹಿಂದೆಯೂ ಒಂದು ಕಾರಣ ಇರುವ ಹಾಗೆ ಮಾಡಿದೆ. 1/2 + 1/3ಕ್ಕೆ ಸರಿಯುತ್ತರ 5/6. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ ಮಗು 2/5 ಒತ್ತುತ್ತದೆ. ಕೂಡುವ ಬದಲು ಗುಣಿಸಿದ ಮಗು 1/6 ಒತ್ತುತ್ತದೆ. ಅಂಶಗಳನ್ನು ಕೂಡಿ ಛೇದಗಳನ್ನು ಗುಣಿಸಿದರೆ 2/6. ಯಾವುದನ್ನು ಒತ್ತಿದರೂ ಮಗು ಎಲ್ಲಿ ಹೊರಳಿತು ಎಂದು ತಿಳಿಯುತ್ತದೆ. 2/5 ಒತ್ತಿದವರಿಗೆ ಈಗ ಹೀಗೆ ಬರುತ್ತದೆ: “ಅರ್ಧ ರೊಟ್ಟಿಗೆ ಇನ್ನೂ ಸ್ವಲ್ಪ ಸೇರಿಸಿದಿರಿ. ಮೊತ್ತ ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ? 2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ ನೋಡಿ.” ಇದನ್ನು ಓದಿದ ಅಣ್ಣನ ಮಗಳು ಒಂದು ಕ್ಷಣ ಸುಮ್ಮನಿದ್ದು, ಪಕ್ಕದ ಹಾಳೆ ಎಳೆದುಕೊಂಡು ಎರಡು ವೃತ್ತ ಬರೆದಳು. ಈ ಸಲ ನನ್ನ ಮುಖ ನೋಡಲಿಲ್ಲ.

ಈಗ ಪದಗಳ ಪ್ರಶ್ನೆ. ಹೀಗೆ ಬೇಕೆಂದೇ ಇಟ್ಟ, ನೋಡಲು ಉತ್ತರದಂತೆಯೇ ಇರುವ ಆಯ್ಕೆಗೆ ಏನನ್ನೋಣ? ಇಂಗ್ಲಿಷಿನಲ್ಲಿ ಡಿಸ್ಟ್ರ್ಯಾಕ್ಟರ್ ಎನ್ನುತ್ತಾರೆ. ‘ತಪ್ಪುತ್ತರ’ ಎಂದರೆ ಮತ್ತೆ ಅಲ್ಲಿಗೇ ಬಂದೆವು. ‘ದಾರಿತಪ್ಪಿಸುವ ಆಯ್ಕೆ’ ಎಂದರೆ ಮಕ್ಕಳಿಗೆ ಮೋಸ ಮಾಡಿದ ಹಾಗೆ ಕೇಳಿಸುತ್ತದೆ. ನನ್ನ ಮನಸ್ಸು ‘ಹುಸಿಯುತ್ತರ’ದ ಕಡೆಗಿದೆ. ಹುಸಿ ಎಂದರೆ ಸುಳ್ಳು, ನಿಜ. ಆದರೆ ಹುಸಿನಗು, ಹುಸಿಮುನಿಸು ಎನ್ನುವಾಗ ಆ ಪದ ಎಷ್ಟು ಹಗುರವಾಗುತ್ತದೆ ನೋಡಿ. ಮುನಿಸಿನ ಹಾಗೆ ಕಾಣುತ್ತದೆ, ಮುನಿಸಲ್ಲ. ಇದೂ ಹಾಗೇ, ಉತ್ತರದಂತೆ ಕಾಣುತ್ತದೆ, ಉತ್ತರವಲ್ಲ. ಪತ್ರಿಕೆಗಳಲ್ಲಿ ‘ಹುಸಿ ಬಾಂಬ್ ಕರೆ’ ಓದಿ ಓದಿ ಈ ಪದಕ್ಕೆ ಬೇರೆ ಬಣ್ಣ ಬಂದಿದೆ ಎಂದು ನಿಮಗೆ ಅನಿಸುತ್ತದೆಯೇ?

ಎರಡನೆಯದು, ಉತ್ತರ ಒತ್ತಿದ ಮೇಲೆ ಬರುವ ಆ ವಿವರಣೆಯ ಮಾತು. ಫೀಡ್‌ಬ್ಯಾಕ್. ಮೇಷ್ಟ್ರುಗಳ ವಲಯದಲ್ಲಿ ‘ಹಿಮ್ಮಾಹಿತಿ’ ಓಡಾಡುತ್ತಿದೆ. ವರದಿಗೆ ಅದು ಸರಿ, ಮಕ್ಕಳ ಪರದೆಗೆ ಒಣಗಿದಂತಿದೆ. ‘ಪ್ರತಿಕ್ರಿಯೆ’ ಓದುಗರ ಅನಿಸಿಕೆಗೆ ಸಂದುಹೋಗಿದೆ. ‘ಹಿನ್ನುಡಿ’ ಪುಸ್ತಕದ ಕೊನೆಗೆ ಹೋಯಿತು. ‘ಮರುಮಾತು’ ಚೆಂದ ಇದೆ, ಮಗು ಒಂದು ಮಾತು ಹೇಳಿತು, ರಸಪ್ರಶ್ನೆ ಮರುಮಾತು ಹೇಳಿತು. ಆದರೆ “ಮರುಮಾತಾಡದೆ ಒಪ್ಪಿಕೊಂಡ” ಎನ್ನುವ ಬಳಕೆಯಲ್ಲಿ ಅದಕ್ಕೆ ಎದುರುತ್ತರದ ಛಾಯೆ ಇದೆ, ಅಲ್ವಾ? ಮೂಡಲ್‌ನಲ್ಲಿ ಒಂದೊಂದು ಆಯ್ಕೆಗೆ ಬೇರೆ ಫೀಡ್‌ಬ್ಯಾಕ್, ಇಡೀ ಪ್ರಶ್ನೆಗೆ ಬೇರೆ, ಕೊನೆಯಲ್ಲಿ ಅಂಕ ನೋಡಿ ಕೊಡುವುದು ಬೇರೆ. ಮೂರಕ್ಕೂ ಹೊಂದುವಂಥ ಒಂದು ಪದ ಬೇಕು.

ಪದ ಅಲ್ಲದಿದ್ದರೂ ವಾಕ್ಯದ ಒಂದು ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ. “ಇವುಗಳಲ್ಲಿ ಯಾವುದು 1/2ಕ್ಕೆ ಸಮ ಅಲ್ಲ?” ಎಂದು ಒಂದು ಪ್ರಶ್ನೆ ಇತ್ತು. ಕನ್ನಡದಲ್ಲಿ ಅಲ್ಲಗಳೆಯುವ ಪದ ವಾಕ್ಯದ ಕೊನೆಗೆ ಬರುತ್ತದೆ. ‘ಸಮ’ ಎನ್ನುವಷ್ಟರಲ್ಲಿ ಮಗು ಉತ್ತರ ಹುಡುಕಲು ಶುರುಮಾಡಿರುತ್ತದೆ. ಅಣ್ಣನ ಮಗಳು ಮೊದಲು ಕಂಡ 2/4 ಒತ್ತಿ ಮುಂದೆ ಹೋದಳು. ಪಠ್ಯಪುಸ್ತಕದವರು “ಗುಂಪಿಗೆ ಸೇರದ ಪದ ಆರಿಸಿ” ಎಂದು ‘ಸೇರದ’ವನ್ನು ಮುಂದೆ ತಂದದ್ದು ಎಷ್ಟು ಒಳ್ಳೆಯದು ಎಂದು ಈಗ ಅರ್ಥವಾಗುತ್ತದೆ. ನಾನೂ “1/2ಕ್ಕೆ ಸಮವಲ್ಲದ್ದು ಯಾವುದು?” ಎಂದು ತಿರುಗಿಸಿ ಬರೆದೆ. ಟೈಪ್ ಮಾಡುವ ಪ್ರಶ್ನೆಗಳಲ್ಲೂ ಒಂದು ಎಡವಟ್ಟಾಗಿತ್ತು. ಮಗು ‘ಐದು’ ಎಂದೋ ‘೫’ ಎಂದೋ ಬರೆದರೆ ಯಂತ್ರ ಒಪ್ಪುತ್ತಿರಲಿಲ್ಲ, ಅದಕ್ಕೆ ‘5’ ಮಾತ್ರ ಗೊತ್ತು. ಈಗ ಮೂರನ್ನೂ ಒಪ್ಪುತ್ತದೆ.

ಮತ್ತೆ ‘ತಪ್ಪು’ವಿಗೆ ಬರುತ್ತೇನೆ. ಆ 2/4 ಪ್ರಶ್ನೆಯ ಹೊತ್ತಿಗೆ ಅವಳೇ ಅಂದಳು, “ಅಯ್ಯೋ, ಕಣ್ತಪ್ಪಿ ಹೋಯ್ತು.” ನನಗೆ ಅಲ್ಲೇ ದೀಪ ಹತ್ತಿದ ಹಾಗಾಯಿತು. ಕಣ್ತಪ್ಪು, ಕೈತಪ್ಪು, ಬಾಯ್ತಪ್ಪು. ಕಣ್ಣೋ ಕೈಯೋ ಮುಂದೆ ಸೇರಿದ ಕೂಡಲೇ ‘ತಪ್ಪು’ ತನ್ನ ಹಳೆಯ, ಹಗುರ ಅರ್ಥಕ್ಕೆ ವಾಪಸ್ ಹೋಗುತ್ತದೆ. ಕಣ್ತಪ್ಪಿಗೆ ಯಾರೂ ಕಾಣಿಕೆ ಹಾಕುವುದಿಲ್ಲ! ಜೊತೆಗೆ ತಪ್ಪಿದ್ದು ಎಲ್ಲಿ ಎಂದೂ ಗೊತ್ತಾಗುತ್ತದೆ. ರಸಪ್ರಶ್ನೆಯೂ ಹೀಗೇ ಹೇಳಬಹುದಲ್ಲವೇ? ಪ್ರಶ್ನೆ ಸರಿಯಾಗಿ ಓದದಿದ್ದರೆ ‘ಕಣ್ತಪ್ಪು’. ದಾರಿ ಗೊತ್ತಿದ್ದು ಕೂಡುವಾಗ ಎಡವಿದರೆ ‘ಲೆಕ್ಕತಪ್ಪು’ ಎಂದು ಸದ್ಯಕ್ಕೆ ಇಟ್ಟಿದ್ದೇನೆ. ಆದರೆ 2/5 ಒತ್ತಿದ ಮಗು ಕಣ್ಣು ತಪ್ಪಿಲ್ಲ, ಲೆಕ್ಕವನ್ನೂ ತಪ್ಪಿಲ್ಲ. ತನಗೆ ತಿಳಿದ ನಿಯಮದ ಪ್ರಕಾರ ಸರಿಯಾಗಿಯೇ ಮಾಡಿದೆ, ಆ ನಿಯಮವೇ ಬೇರೆ. ಅದಕ್ಕೆ ‘ತಪ್ಪುತಿಳಿವಳಿಕೆ’ ಎಂದರೆ ಉದ್ದವೂ ಆಯಿತು, ಇಬ್ಬರ ನಡುವಿನ ಮನಸ್ತಾಪದ ಹಾಗೂ ಕೇಳುತ್ತದೆ.

ತಿಳಿದದ್ದೇ ಬೇರೆಯಾದಾಗ ನಿಮ್ಮ ಮನೆಗಳಲ್ಲಿ, ನಿಮ್ಮ ಊರಿನ ಮಾತಿನಲ್ಲಿ ಏನನ್ನುತ್ತಾರೆ? ಧಾರವಾಡದ ಕಡೆಯವರು, ಮಂಗಳೂರು ಕಡೆಯವರು ದಯವಿಟ್ಟು ಬರೆಯಿರಿ. ಪಾಠ ಮಾಡುವವರಾದರೆ, ಹಲಗೆಯ ಮುಂದೆ ನಿಂತ ಮಗು 2/5 ಎಂದು ಬರೆದಾಗ ನಿಮ್ಮ ಬಾಯಲ್ಲಿ ಮೊದಲು ಬರುವ ಮಾತು ಯಾವುದೋ ಅದನ್ನೇ ಬರೆಯಿರಿ.