ಪದಚರ್ಚೆ: ಹುಟ್ಟಿದ ಕೂಸಿನ ಏದುಸಿರಿಗೆ ‘ಹಸಿಯುಸಿರು’ ಅನ್ನಬಹುದಾ?

ಕೊಪ್ಪಳದಲ್ಲಿ ತಂಗಿಗೆ ಹೆರಿಗೆ ಆಯಿತು, ಸಿಜೇರಿಯನ್. ಹುಟ್ಟಿದ ಒಂದು ತಾಸಿನೊಳಗೆ ಕೂಸು ಬಿರುಸಾಗಿ ಉಸಿರಾಡತೊಡಗಿತು. ನರ್ಸ್ ಅದರ ಹೊಟ್ಟೆಯ ಮೇಲೆ ಕಣ್ಣಿಟ್ಟು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದರು. 72. ಹುಟ್ಟಿದ ಕೂಸಿಗೆ 40ರಿಂದ 60 ಸಹಜವಂತೆ. ಮೂಗಿನ ಹೊಳ್ಳೆ ಅರಳುತ್ತಿತ್ತು, ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಆಕ್ಸಿಜನ್ ಹಚ್ಚಿದರು. ಫೈಲಿನ ಮೇಲೆ ‘ಟಿ.ಟಿ.ಎನ್.’ ಅಂತ ಮೂರು ಅಕ್ಷರ. ‘ಟ್ರಾನ್ಸಿಯೆಂಟ್ ಟ್ಯಾಕಿಪ್ನಿಯಾ ಆಫ್ ದ ನ್ಯೂಬಾರ್ನ್’, ಅಂದರೆ ಹುಟ್ಟಿದ ಕೂಸಿಗೆ ಸ್ವಲ್ಪ ಕಾಲ ಇದ್ದು ಹೋಗುವ ಬಿರುಸಿನ ಉಸಿರು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವ್ವನಿಗೆ ಇದನ್ನು ಕನ್ನಡದಲ್ಲಿ ಹೇಳಬೇಕಿತ್ತು. ದಿನವಿಡೀ ಅನುವಾದ ಮಾಡಿ ಹೊಟ್ಟೆ ಹೊರೆಯುವ ನಾನು ಅಲ್ಲೇ ಸೋತೆ.

ಬಾಯಿಗೆ ಮೊದಲು ಬಂದದ್ದು ‘ದಮ್ಮು ಹತ್ತೈತಿ’. ಅವ್ವ ಕಣ್ಣೀರು ಹಾಕಿದಳು. ನಮ್ಮ ಕಡೆ ದಮ್ಮು ಅಂದರೆ ಉಬ್ಬಸ, ಸಾಯೋತನಕ ಬಿಡದ ರೋಗ. ‘ನಮ್ಮ ಮನ್ಯಾಗ ಯಾರಿಗೂ ಇಲ್ಲಲ್ಲೋ, ಇದಕ್ಯಾಕ ಬಂತು’ ಅಂತ ಶುರು ಮಾಡಿದಳು. ಸರಿಪಡಿಸಲು ಹೋಗಿ ‘ತಾತ್ಕಾಲಿಕ ತೀವ್ರ ಉಸಿರಾಟ’ ಅಂದೆ. ತಾತ್ಕಾಲಿಕ ಅನ್ನೋ ಮಾತು ಅವಳಿಗೆ ಗೊತ್ತು. ನಮ್ಮ ಮಾವ 14 ವರ್ಷ ತಾತ್ಕಾಲಿಕ ನೌಕರರಾಗಿದ್ದವರು! ‘ತೀವ್ರ’ ಅಂತೂ ಆಸ್ಪತ್ರೆಯಲ್ಲಿ ಯಾರೂ ಕೇಳಬಯಸದ ಪದ.

ಆಮೇಲೆ ಡಾಕ್ಟರೇ ಬಂದು ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿರುವಾಗ ಕೂಸಿನ ಪುಪ್ಪಸದ ತುಂಬ ನೀರಿರುತ್ತದೆ. ಹೆರಿಗೆ ನೋವು ಶುರುವಾದಾಗ ಕೂಸಿನ ಮೈಯಲ್ಲಿ ಅಡ್ರಿನಲಿನ್‌ನಂಥ ಹಾರ್ಮೋನುಗಳು ಏರುತ್ತವೆ. ಅಲ್ಲಿಯತನಕ ನೀರು ಒಸರುತ್ತಿದ್ದ ಪುಪ್ಪಸ ಆಗ ನೀರು ಹೀರತೊಡಗುತ್ತದೆ. ದಾರಿಯಲ್ಲಿ ಹಿಂಡಿ ಹೊರಬೀಳುವ ನೀರು ಸ್ವಲ್ಪ, ಹೆಚ್ಚಿನ ಕೆಲಸ ಈ ಹೀರುವುದರದ್ದೇ. ನೋವು ಬರುವ ಮುಂಚೆ ಸಿಜೇರಿಯನ್ ಆದರೆ ಇದು ತಡವಾಗಬಹುದು. ತಿಂಗಳು ಪೂರ್ತಿ ತುಂಬದ ಕೂಸಿಗೂ, ಸಕ್ಕರೆ ಕಾಯಿಲೆ ಇರುವ ತಾಯಿಯ ಕೂಸಿಗೂ ಹೀಗಾಗುವುದು ಜಾಸ್ತಿ. ಸಾಮಾನ್ಯವಾಗಿ 24ರಿಂದ 72 ತಾಸಿನಲ್ಲಿ ತಾನೇ ಇಳಿಯುತ್ತದೆ. ಅಷ್ಟು ಬಿರುಸಾಗಿ ಉಸಿರಾಡುವಾಗ ಹಾಲು ಕುಡಿಸಿದರೆ ಉಸಿರಿನ ದಾರಿಗೆ ಹೋಗುವ ಭಯ, ಅದಕ್ಕೇ ನಳಿಗೆಯಲ್ಲಿ ಕೊಡುತ್ತಾರೆ.

ಎಲ್ಲ ಕೇಳಿಸಿಕೊಂಡು ಅವ್ವ ಅಂದದ್ದು ಇಷ್ಟು: ‘ಹಂಗಂದ್ರ ಒಳಗ ಇನ್ನಾ ಹಸಿ ಐತಿ. ಆರತೈತಿ ತಗೋ.’

ನನ್ನ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಈ ತೊಂದರೆಯನ್ನು 1966ರಲ್ಲಿ ಮೊದಲು ವಿವರಿಸಿದವರು ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ ಮತ್ತು ಅವರ ಜೊತೆಗಾರರು. ಹೆಸರಲ್ಲಿರುವ ‘ಟ್ಯಾಕಿಪ್ನಿಯಾ’ ಗ್ರೀಕ್ ಮೂಲದ್ದು, ಬಿರುಸಿನ ಉಸಿರು ಅಂತಷ್ಟೇ. ಅದಕ್ಕೆ ನಮ್ಮ ‘ಏದುಸಿರು’ ಸಾಕು. ಆದರೆ ಅದರಲ್ಲಿ ನೀರೂ ಇಲ್ಲ, ಹೋಗಿಬಿಡುತ್ತೆ ಅನ್ನೋ ಸಮಾಧಾನವೂ ಇಲ್ಲ. ಓಡಿ ಬಂದವರ ದಣಿವು ಮಾತ್ರ ಇದೆ. ‘ಹಸಿ’ಯಲ್ಲಿ ಎರಡೂ ಇವೆ. ಎರೆ ಹೊಲದಲ್ಲಿ ಹಸಿ ಇದೆ ಅಂದರೆ ನೀರಿನ ಪಸೆ ಇದೆ ಅಂತ. ಹಸಿ ಗೋಡೆ ನಾಳೆ ಒಣಗುತ್ತೆ ಅಂತ ಯಾರಿಗೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಖುಷಿ ಏನೆಂದರೆ ಅದು ಕೂಸಿನ ಹೆಸರಲ್ಲೂ ಇದೆ. ಹಸುಗೂಸಿನ ‘ಹಸು’ ಆಕಳಲ್ಲ, ಎಳೆಯದು ಅಂತ. ಹಸಿ, ಹಸಿರು, ಹಸುಳೆ ಎಲ್ಲ ಒಂದೇ ಬಳ್ಳಿಯವು. ಬಳ್ಳಾರಿಯ ತೆಲುಗು ಮನೆಗಳಲ್ಲಿ ‘ಪಸಿಬಿಡ್ಡ’ ಅನ್ನುತ್ತಾರಲ್ಲ, ಅದೂ ಇದೇ. ಹಾಗಾಗಿ ‘ಹಸಿಯುಸಿರು’ ಅಂತ ಕಟ್ಟಿದೆ.

ನನಗೇ ಇರುವ ಅನುಮಾನವನ್ನೂ ಹೇಳುತ್ತೇನೆ. ಹಸಿಯಾಗಿರುವುದು ಪುಪ್ಪಸ, ಉಸಿರಲ್ಲ. ಜೊತೆಗೆ ಪದ ತೀರಾ ಮೆತ್ತಗಾಯಿತೇನೋ. ನ್ಯುಮೋನಿಯಾ, ನಂಜು ಇಂಥವು ಅಲ್ಲ ಅಂತ ನೋಡಿದ ಮೇಲೇ ಡಾಕ್ಟರು ಈ ಹೆಸರು ಕೊಡುವುದು. ಮನೆಗೆ ಬಂದ ಕೂಸು ಏದುತ್ತಿದ್ದರೆ, ತುಟಿ ನೀಲಿಯಾದರೆ, ‘ಹಸಿಯುಸಿರು, ಆರುತ್ತೆ’ ಅಂತ ಅಜ್ಜಿಯರು ಕೂತುಬಿಟ್ಟರೆ ಕಷ್ಟ ಅಲ್ವಾ? ಕೂಡಲೇ ಆಸ್ಪತ್ರೆಗೆ ಓಡಬೇಕಾದ ಹೊತ್ತದು. ಪದಕ್ಕೆ ಇಷ್ಟು ಭಾರ ಹೊರಿಸುವುದು ಸರಿಯೋ ಇಲ್ಲವೋ, ಬಲ್ಲವರು ಹೇಳಿ.

ಹಾಗೇ ಇನ್ನೊಂದು. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುವುದಕ್ಕೆ ನಾನು ‘ಪಕ್ಕೆ ಸೆಳೆತ’ ಅಂತ ಬರೆಯುತ್ತಿದ್ದೇನೆ. ಸಿಂಧನೂರು, ಮಾನ್ವಿ ಕಡೆ ಮನೆಮಾತಲ್ಲಿ ಇದಕ್ಕೆ ಏನಂತಾರೆ? ಮನೆಯ ಹಿರಿಯರನ್ನು ಒಮ್ಮೆ ಕೇಳಿ ತಿಳಿಸಿ.